ಹಿಮ್ಮಡಿಯ ಹನಿ ರಕ್ತ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವೈದ್ಯಕೀಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ರಕ್ತದೊತ್ತಡದ ಬಗ್ಗೆ ಬರೆಯಬೇಕೆಂದು ಮೊದಲು ಎಣಿಸಿದ್ದೆ. ಆದರೆ ಶಾಲೆಯ ನೆನಪಿನೊಡನೆ ನನ್ನ ತಂಗಿಯ ನೆನಪೂ ಬಂತು. ನಾನು ಚೀಲ ಹೆಗಲಿಗೇರಿಸಿ ಗದ್ದೆಯ ಹುಣಿಯ ಮೇಲೆ ಈ ಶಾಲೆಗೆ ಹೊರಡುವಾಗ ಅವಳು ಜಗಲಿಯಲ್ಲಿ ಗೋಡೆಗೊರಗಿ ನೋಡುತ್ತಿದ್ದಳು. ಹುಟ್ಟುವಾಗ ಆರೋಗ್ಯದಿಂದಿದ್ದ ಮಗು ವರ್ಷ ತುಂಬಿದರೂ ಕುಳಿತುಕೊಳ್ಳಲಿಲ್ಲ. ಮಾತು ಬರಲೇ ಇಲ್ಲ. ದೃಷ್ಟಿ ತಗಲಿತೆಂದರು, ನಾಗದೋಷವೆಂದರು. ಹನ್ನೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕಾಯಿಲೆಯ ಹೆಸರು ಇಂದಿಗೂ ನಮಗೆ ತಿಳಿಯದು. ನನ್ನ ತಂದೆತಾಯಿ ಸೋದರಿಕೆಯಲ್ಲಿ ಮದುವೆಯಾದವರೆಂಬುದನ್ನು ಮಾತ್ರ ಇಲ್ಲಿ ಹೇಳಬೇಕು.

ನಾವು ಉಣ್ಣುವ ಆಹಾರವು ದೇಹದಲ್ಲಿ ಹಂತ ಹಂತವಾಗಿ ರೂಪಾಂತರ ಹೊಂದುತ್ತದೆ. ಹಂತ ಹಂತಕ್ಕೂ ಬೇರೆ ಬೇರೆ ಕಿಣ್ವಗಳು ಬೇಕು. ಒಂದು ಕಿಣ್ವ ಇಲ್ಲವಾದರೆ, ಮುಂದೆ ಸಾಗಬೇಕಾದ ವಸ್ತುವು ಕಟ್ಟ ಹಾಕಿದ ತೋಡಿನ ನೀರಿನಂತೆ ಹಿಂದೆಯೇ ತುಂಬಿಕೊಳ್ಳುತ್ತದೆ. ಫೀನೈಲ್‌ಕೀಟೋನೂರಿಯ ಎಂಬ ರೋಗದಲ್ಲಿ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲವು ಹೀಗೆ ಶೇಖರವಾಗಿ ಮೆದುಳನ್ನು ಕೆಡಿಸುತ್ತದೆ. 1934ರಲ್ಲಿ ನಾರ್ವೆಯ ತಾಯಿಯೊಬ್ಬಳು ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳ ಮೈಯಿಂದ ಬರುತ್ತಿದ್ದ ವಿಚಿತ್ರ ವಾಸನೆಯ ಕಾರಣವನ್ನು ಹುಡುಕುತ್ತ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರ ಬಳಿಗೆ ಹೋದಳು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರಾಯಿತು. ರೋಗ ಪತ್ತೆಯಾದದ್ದು ಆ ತಾಯಿಯ ಹಟದಿಂದ ಎಂದೇ ನನ್ನ ಭಾವನೆ. 1950ರ ದಶಕದಲ್ಲಿ ಪಥ್ಯವೂ ಸಿದ್ಧವಾಯಿತು. ಆದರೆ ಕೆಟ್ಟ ಮೆದುಳು ಮರಳಿ ಸರಿಯಾಗುತ್ತಿರಲಿಲ್ಲ. ಲಕ್ಷಣ ಕಾಣುವ ಮುನ್ನವೇ ರೋಗವನ್ನು ಹಿಡಿಯಬೇಕಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಅವರು ಶಿಶುವಿನ ಹಿಮ್ಮಡಿಯ ರಕ್ತವನ್ನು ಹೀರುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಸುಲಭ ಕ್ರಮವನ್ನು ರೂಪಿಸಿದರು. ಅವರ ಸ್ವಂತ ಮಗನೂ ಬುದ್ಧಿಮಾಂದ್ಯನಾಗಿದ್ದ.

ನಮ್ಮಲ್ಲಿ 1980ರಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಈ ಕಾರ್ಯಕ್ಕೆ ತೊಡಗಿ 1.12 ಲಕ್ಷದಷ್ಟು ನವಜಾತ ಶಿಶುಗಳನ್ನು ಪರೀಕ್ಷಿಸಿದರು. ಆ ದಶಕದಲ್ಲಿ ಕರ್ನಾಟಕದಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಪಾಲು ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ದೋಷಯುಕ್ತ ಒಂದೇ ವಂಶವಾಹಿಯು ದಂಪತಿಗಳಿಬ್ಬರಲ್ಲಿಯೂ ಇರುವ ಸಂಭವ ಅಂತಹ ಸಂಬಂಧದಲ್ಲಿ ಹೆಚ್ಚು. ಇಬ್ಬರಲ್ಲಿಯೂ ಇದ್ದರೆ ನಾಲ್ಕರಲ್ಲಿ ಒಂದು ಸಂಭವ ರೋಗದ್ದು. ಒಂದು ಮಗು ಹೀಗಾಯಿತು, ಇನ್ನು ಮೂರಕ್ಕೆ ಭಯವಿಲ್ಲವೆಂದು ಲೆಕ್ಕ ಹಾಕುವವರಿದ್ದಾರೆ; ಅದು ತಪ್ಪು. ಪ್ರತಿ ಬಸಿರಿಗೂ ಲೆಕ್ಕ ಹೊಸತು.

ಇದೇ ರಕ್ತದಿಂದ ಹುಟ್ಟಿನ ಥೈರಾಯ್ಡ್ ಕೊರತೆಯೂ ತಿಳಿಯುತ್ತದೆ. ಅದು ಬಹುತೇಕ ವಂಶಪಾರಂಪರ್ಯವಲ್ಲ, ಅಷ್ಟು ವಿರಳವೂ ಅಲ್ಲ. ಭಾರತದಲ್ಲಿ ಸುಮಾರು ಸಾವಿರಕ್ಕೊಂದು ಶಿಶುವಿಗೆ ಇರುತ್ತದೆ. ಎರಡು ವಾರದೊಳಗೆ ಥೈರಾಕ್ಸಿನ್ ಗುಳಿಗೆಯನ್ನು ಪುಡಿಮಾಡಿ ತಾಯಿಯ ಹಾಲಿನಲ್ಲಿ ಕೊಡಲಾರಂಭಿಸಿದರೆ ಮಗುವಿನ ಬುದ್ಧಿ ಸಹಜವಾಗಿ ಬೆಳೆಯುತ್ತದೆ. ಕೇರಳದ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದೆ. ಖಾಸಗಿ ಆಸ್ಪತ್ರೆಯಲ್ಲಾದರೆ ಕೇಳಿ ಮಾಡಿಸಬೇಕು.

ಗಡಿನಾಡಿನ ನಮಗೊಂದು ವಿಶೇಷ ತೊಡಕಿದೆ. ಹೆರಿಗೆ ಮಂಗಳೂರಿನಲ್ಲಿ, ಬಾಣಂತನ ಕಾಸರಗೋಡಿನ ತಾಯಿಮನೆಯಲ್ಲಿ, ಆಸ್ಪತ್ರೆಯಲ್ಲಿ ಬರೆಸಿದ ವಿಳಾಸ ಮಾತ್ರ ಗಂಡನ ಮನೆಯದು! ಮರುಪರೀಕ್ಷೆಗೆ ಕರೆ ಬಂದಾಗ ಮಗು ಸಿಗುವುದಿಲ್ಲ. ಕಳೆದ ವರ್ಷ ನಮ್ಮ ಕುಟುಂಬದ ಮಗುವಿನ ರಕ್ತ ತೆಗೆಯುವಾಗ ಅಜ್ಜಿಯ ದೂರವಾಣಿ ಸಂಖ್ಯೆಯನ್ನೇ ಬರೆಸಿದೆ. ಸೂಜಿ ಚುಚ್ಚಿದಾಗ ಮಗು ಅತ್ತಿತು. ಹಾಲು ಕುಡಿಸಿದೊಡನೆ ಸುಮ್ಮನಾಯಿತು. ಆರನೆಯ ದಿನ ಕರೆ ಬಂತು, ದೋಷವೇನೂ ಇರಲಿಲ್ಲ.