ಹಾಡಿದವರ ಹೆಸರು ಯಾವ ಕಾಲಮ್ಮಿನಲ್ಲಿ?

1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು. ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಈ ಧ್ವನಿ ಯಾರದೆಂದು ತಿಳಿಯಬೇಕಲ್ಲ! ಇದೇ ಗೌಹರ್ ಜಾನ್ 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡರು. ಪ್ಲೇಟಿನ ಮೇಲಿನ ಕಾಗದ ಹರಿದುಹೋದರೂ ಅವರ ಹೆಸರು ಹಾಡಿನ ಜೊತೆಗೇ ಇದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಿಂದೂಸ್ತಾನಿ ಸಂಗೀತ ಕೇಳುವವರು ಬಹಳ. ಹಳೆಯ ಕ್ಯಾಸೆಟ್ಟುಗಳು ಈಗ ಪೆನ್‌ಡ್ರೈವಿಗೂ ಮೊಬೈಲಿಗೂ ಬಂದಿವೆ. ಆದರೆ ತೆರೆದು ನೋಡಿದರೆ ‘ಟ್ರ್ಯಾಕ್ 01’, ‘ಸೈಡ್ ಬಿ’. ಹಾಡಿದವರು ಯಾರು, ತಬಲಾ ಯಾರದು ಎಂದು ಧ್ವನಿ ಕೇಳಿಯೇ ಹೇಳಬಲ್ಲ ಹಿರಿಯರು ಈಗ ಇದ್ದಾರೆ. ಅವರು ಇರುವಾಗಲೇ ಬರೆದಿಡಬೇಕು.

ಕಾಮರ್ಸ್ ಓದುವವರಿಗೆ ಈ ಕೆಲಸ ಹೊಸದಲ್ಲ. ಪ್ರತಿ ವೋಚರಿಗೆ ಒಂದು ನಂಬರು ಇರುವಂತೆ ಪ್ರತಿ ಫೈಲಿಗೂ ಒಂದು ನಂಬರು ಕೊಡಿ. ಅದನ್ನು ಮತ್ತೆ ಬದಲಿಸಬೇಡಿ. ಅದೇ ನಂಬರಿನಲ್ಲಿ ಎಕ್ಸೆಲ್ ಶೀಟಿನಲ್ಲಿ ವಿವರ ಬರೆಯಿರಿ. ಎಂಪಿ3 ಫೈಲಿನ ಒಳಗೂ ಐಡಿ3 ಎಂಬ ಲೇಬಲ್ ಇರುತ್ತದೆ. 1996ರ ಮೊದಲ ಐಡಿ3ಯಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರಿಗೆ 30 ಅಕ್ಷರ, ಅಷ್ಟೇ. ಈಗಿನದರಲ್ಲಿ ಕನ್ನಡದಲ್ಲೂ ಉದ್ದವಾಗಿ ಬರೆಯಬಹುದು. ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಸಾಕು. ಆದರೆ ಅಲ್ಲಿರುವ ಕಾಲಮ್ಮುಗಳು ಸಿನಿಮಾ ಹಾಡಿಗೆ ಹೊಂದುವಂಥವು. ತೆರೆದಾಗ ಮೊದಲು ಕಾಣುವ ಕಾಲಮ್ಮುಗಳಲ್ಲಿ ರಾಗಕ್ಕೆ, ತಾಳಕ್ಕೆ, ಹಾರ್ಮೋನಿಯಂ ನುಡಿಸಿದವರಿಗೆ ಜಾಗವಿಲ್ಲ. ಆದ್ದರಿಂದ ಹಾಡಿನ ಹೆಸರಿನ ಕಾಲಮ್ಮಿನಲ್ಲಿ ಮೊದಲು ರಾಗ, ಆಮೇಲೆ ತಾಳ ಬರೆಯುವುದು ಒಳ್ಳೆಯದು. ಕಾಮೆಂಟ್ ಕಾಲಮ್ಮನ್ನು ಜರ್ನಲ್ ಎಂಟ್ರಿಯ ನರೇಷನ್ ಎಂದುಕೊಳ್ಳಿ: ಸಾಥ್ ಕೊಟ್ಟವರು, ಊರು, ತಾರೀಕು, ರೆಕಾರ್ಡಿಂಗ್ ಯಾರಿಂದ ಬಂತು, ಎಲ್ಲವೂ ಅಲ್ಲಿಗೆ.

ನಿಜವಾದ ತೊಡಕು ಹೆಸರುಗಳದ್ದು. ಎಲ್ಲರ ಮುಂದೆ ಉಸ್ತಾದ್, ಪಂಡಿತ್ ಎಂದು ಬರೆದರೆ ಅರ್ಧ ಸಂಗ್ರಹ ‘ಉ’ದಲ್ಲಿ, ಇನ್ನರ್ಧ ‘ಪ’ದಲ್ಲಿ ಸೇರುತ್ತದೆ. ಕೊನೆಯ ಪದ ಹಿಡಿದು ಜೋಡಿಸಿದರೆ ಅಮೀರ್ ಖಾನ್, ವಿಲಾಯತ್ ಖಾನ್, ಬಿಸ್ಮಿಲ್ಲಾ ಖಾನ್ ಎಲ್ಲರೂ ಒಂದೇ ಕಡೆ! ಅಬ್ದುಲ್ ಕರೀಮ್ ಖಾನ್ ಅವರನ್ನು ಬರೀ ‘ಅಬ್ದುಲ್’ ಎಂದು ಮೊಟಕು ಮಾಡುವುದಂತೂ ತಪ್ಪೇ. ಕರೀಮ್ ಅಲ್ಲಾಹನ ಗುಣನಾಮ. ಅಬ್ದುಲ್ ಕರೀಮ್ ಎಂದರೆ ಆ ಕರೀಮನ ದಾಸ. ಎರಡೂ ಸೇರಿಯೇ ಒಂದು ಹೆಸರು. ಅದೇ ಕಿರಾಣಾ ಘರಾಣೆಯಲ್ಲಿ ಅಬ್ದುಲ್ ವಹೀದ್ ಖಾನ್ ಕೂಡ ಇದ್ದರು. ಬಡೇ ಗುಲಾಮ್ ಅಲಿ ಖಾನ್ ಅವರ ಹೆಸರಿನಿಂದ ‘ಬಡೇ’ ತೆಗೆದರೆ ಗಜಲ್ ಹಾಡುವ ಗುಲಾಮ್ ಅಲಿಯವರೊಡನೆ ಬೆರೆತುಹೋಗುತ್ತಾರೆ.

ನಮ್ಮ ಕಡೆಯದೇ ಉದಾಹರಣೆ ನೋಡಿ. ಬಸವರಾಜ ರಾಜಗುರುಗಳ ಶಿಷ್ಯರಾದ ಗಣಪತಿ ಭಟ್ ಹಾಸಣಗಿಯವರನ್ನು ಕೆಲವರು ‘ಹಾಸಣಗಿ ಗಣಪತಿ ಭಟ್’ ಎಂದು ಊರು ಮೊದಲಿಟ್ಟು ಬರೆಯುತ್ತಾರೆ. ಕಂಪ್ಯೂಟರಿಗೆ ಇವರು ಇಬ್ಬರು. ಕುಮಾರ ಗಂಧರ್ವರು ಶಿವಪುತ್ರ ಕೋಮಕಲಿ, ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು. ಜನ ಹುಡುಕುವ ಹೆಸರನ್ನೇ ಮುಖ್ಯ ಕಾಲಮ್ಮಿನಲ್ಲಿಟ್ಟು, ಇನ್ನೊಂದು ಹೆಸರನ್ನೂ ಬಿರುದನ್ನೂ ಪಕ್ಕದ ಕಾಲಮ್ಮಿಗೆ ಹಾಕಬೇಕು.

ರಾಗದಲ್ಲೂ ಎಚ್ಚರ ಬೇಕು. ಹಿಂದೂಸ್ತಾನಿಯ ತೋಡಿಯೂ ಕರ್ನಾಟಕ ಸಂಗೀತದ ತೋಡಿಯೂ ಬೇರೆ ಬೇರೆ. ಇಲ್ಲಿಯ ಮಾಲ್‌ಕೌಂಸ್ ಅಲ್ಲಿ ಹಿಂದೋಳ. ಆದ್ದರಿಂದ ಪದ್ಧತಿ ಯಾವುದೆಂದು ಬರೆಯಲು ಒಂದು ಕಾಲಮ್ ಇರಲಿ.

ರಾಗ ಗೊತ್ತಾಗದಿದ್ದರೆ? ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ, ಅಂದಾಜಿನ ಮೇಲೆ ಯಾವುದೋ ಖಾತೆಗೆ ಬರೆಯುವುದಿಲ್ಲ. ಇಲ್ಲೂ ‘ಸಸ್ಪೆನ್ಸ್’ ಎಂಬ ಫೋಲ್ಡರ್ ಮಾಡಿ, ಯಾರನ್ನು ಕೇಳಬೇಕೆಂದು ಕಾಮೆಂಟಿನಲ್ಲಿ ಬರೆದಿಡಿ. ಕೇಳಿ ಗೊತ್ತಾದ ದಿನ ಅದನ್ನು ಅದರ ಖಾತೆಗೆ ವರ್ಗಾಯಿಸಿದರಾಯಿತು.