ಆ ಡಬ್ಬಿ ಬರಿದಾಗಿ ಹಿಂದಿರುಗಿಸಬೇಡಿ

ಪ್ರಶ್ನೆ: ನಮ್ಮದು ಹಾಸನದ ಕಡೆ. ಹನ್ನೊಂದು ವರ್ಷದಿಂದ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇವೆ. ಇಲ್ಲಿನ ಸೀಡರ್-ರಿವರ್‌ಸೈಡ್ ಬಡಾವಣೆಯಲ್ಲಿ ಶನಿವಾರ ಸೊಮಾಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಚುರುಕಾಗಿದ್ದ 17ರ ಹುಡುಗನೊಬ್ಬ ಎರಡು ತಿಂಗಳಿಂದ ಪಾಠಕ್ಕೆ ಬಂದಿಲ್ಲ. ಹೋದ ವಾರ ರೈಲು ನಿಲ್ದಾಣದ ಹತ್ತಿರ ಕಂಡ. ಕೈಯಲ್ಲಿ ಸುಟ್ಟು ಕಪ್ಪಾದ ಅಲ್ಯುಮಿನಿಯಂ ಹಾಳೆ. ನನ್ನನ್ನು ಕಂಡವನೇ ಮುಖ ತಿರುಗಿಸಿದ. ಅವನ ತಾಯಿ ಈದ್ ಹಬ್ಬಕ್ಕೆ ಡಬ್ಬಿ ತುಂಬ ಅಂಜೆರೊ ಕಳಿಸಿದ್ದರು, ಥೇಟ್ ನಮ್ಮ ಸೆಟ್ ದೋಸೆ. ಆ ಡಬ್ಬಿ ಇನ್ನೂ ನನ್ನಲ್ಲೇ ಇದೆ. ಅವರಿಗೆ ಹೇಳಲೇ, ಪೊಲೀಸರಿಗೆ ಹೇಳಲೇ? ಯಜಮಾನರು ‘ನಮಗ್ಯಾಕೆ ಊರ ಉಸಾಬರಿ’ ಅನ್ನುತ್ತಾರೆ. ಕನ್ನಡದ ಗೆಳತಿಯರು ‘ಆ ಜನಾನೇ ಹಾಗೆ’ ಅಂದರು. ನನಗೆ ರಾತ್ರಿ ನಿದ್ದೆಯಿಲ್ಲ.

ಉತ್ತರ: ಪ್ರೀತಿಯ ತಂಗಿ, ಮೊದಲು ಜೀವ, ಮಿಕ್ಕದ್ದೆಲ್ಲ ಆಮೇಲೆ. ಹಾಗೆ ಹಾಳೆ ಸುಡುವುದು ಹೆಚ್ಚಾಗಿ ಫೆಂಟನಿಲ್ ಅನ್ನುವ ಮಾರಕ ಮಾದಕ ಸೇರಿದ ನಕಲಿ ಮಾತ್ರೆಯ ಹೊಗೆ ಎಳೆಯಲು. ಇವತ್ತೇ ಔಷಧದ ಅಂಗಡಿಗೆ ಹೋಗಿ, ಅದರ ವಿಷ ಇಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ ತಂದು ಕೈಚೀಲದಲ್ಲಿಟ್ಟುಕೊಳ್ಳಿ. 2023ರಿಂದ ಅಮೆರಿಕದಲ್ಲಿ ಅದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಎಷ್ಟು ಅಲುಗಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಗೊರಗೊರ ಉಸಿರೆಳೆಯುತ್ತಿದ್ದರೆ ಒಂದು ಹೊಳ್ಳೆಗೆ ಸ್ಪ್ರೇ ಒತ್ತಿ, 911ಕ್ಕೆ ಫೋನ್ ಮಾಡಿ, ಮಗ್ಗುಲಾಗಿ ಮಲಗಿಸಿ. ಎರಡು ಮೂರು ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬರದಿದ್ದರೆ ಇನ್ನೊಂದು. ಮಿನೆಸೊಟಾದಲ್ಲಿ 2014ರಿಂದ ‘ಸ್ಟೀವ್ಸ್ ಲಾ’ ಅನ್ನುವ ಕಾನೂನಿದೆ. ಒಳ್ಳೆಯ ಮನಸ್ಸಿನಿಂದ ಈ ಔಷಧ ಕೊಟ್ಟವರಿಗೆ, ಸಹಾಯಕ್ಕೆ ಫೋನ್ ಮಾಡಿದವರಿಗೆ ಅದು ರಕ್ಷಣೆ ಕೊಡುತ್ತದೆ. ಇದು ಹುಡುಗನ ಜೊತೆಗಾರರ ಕಿವಿಗೂ ಬೀಳಲಿ. ‘ಪೊಲೀಸ್ ಬಂದಾರು’ ಅಂತ ಗೆಳೆಯರು ಓಡಿಹೋಗಿ, ಒಂಟಿಯಾಗಿ ಬಿದ್ದು ಸತ್ತ ಮಕ್ಕಳಿದ್ದಾರೆ.

ಅಂಥ ಗಳಿಗೆ ಬಿಟ್ಟರೆ ಪೊಲೀಸರವರೆಗೆ ಹೋಗಬೇಡಿ. ಯಾಕೆ ಅನ್ನುವುದು ನೀವಿರುವ ಊರಿನ ಕಥೆಯಲ್ಲೇ ಇದೆ. 1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದ ಮೇಲೆ ಯುದ್ಧ, ನಿರಾಶ್ರಿತರ ಶಿಬಿರ ದಾಟಿ ಬಂದವು ಅಲ್ಲಿನ ಸೊಮಾಲಿ ಕುಟುಂಬಗಳು. 2007-08ರ ಸುಮಾರಿಗೆ ನಿಮ್ಮ ಊರಿಂದ ಇಪ್ಪತ್ತರಷ್ಟು ಹುಡುಗರು ಸೊಮಾಲಿಯಾದ ಉಗ್ರ ಸಂಘಟನೆ ಅಲ್-ಶಬಾಬ್ ಸೇರಲು ಹೊರಟುಹೋದರು. ಆಮೇಲೆ ಉಳಿದ ಸಾವಿರಾರು ಹುಡುಗರ ಮೇಲೂ ಕಣ್ಣು ಬಿತ್ತು. 2014ರಲ್ಲಿ ಉಗ್ರವಾದ ತಡೆಯುವ ಪ್ರಾಯೋಗಿಕ ಯೋಜನೆಗೆ ಆರಿಸಿದ ಮೂರು ನಗರಗಳಲ್ಲಿ ಮಿನಿಯಾಪೊಲಿಸ್ ಒಂದು. ಪಾಠ, ಆಟ, ಉದ್ಯೋಗ ತರಬೇತಿ ಎಲ್ಲಕ್ಕೂ ಆ ಹೆಸರು ಅಂಟಿಕೊಂಡಾಗ ತಾಯಂದಿರಿಗೆ ದಿಗಿಲು ಹುಟ್ಟಿತು: ಇವರು ಮಗನಿಗೆ ಲೆಕ್ಕ ಕಲಿಸಲು ಬಂದವರೋ, ಮಗನ ಲೆಕ್ಕ ಇಡಲು ಬಂದವರೋ? ಸೊಮಾಲಿ ಯುವಕರ ‘ಕಾ ಜೂಗ್’ ಸಂಸ್ಥೆ 2017ರಲ್ಲಿ ಆ ಬಾಬತ್ತಿನ ಸುಮಾರು 5 ಲಕ್ಷ ಡಾಲರ್ ಅನುದಾನವನ್ನೇ ಬೇಡವೆಂದಿತು. ಮಕ್ಕಳಿಗಾಗಿ ದುಡಿಯುವವರು ಅಷ್ಟು ಹಣ ಬಿಡಬೇಕಾದರೆ ನಂಬಿಕೆ ಅಲ್ಲಿ ಎಷ್ಟು ತುಟ್ಟಿ ಅನ್ನುವುದನ್ನು ನೋಡಿ. ನಿಮಗೆ ಆ ಮನೆಯಿಂದ ಹಬ್ಬದ ಡಬ್ಬಿ ಬಂದಿದೆ. ಅದು ಸಣ್ಣ ಮಾತಲ್ಲ.

ಗೆಳತಿಯರ ಮಾತಿಗೆ ಬರುತ್ತೇನೆ. ನೂರು ವರ್ಷಕ್ಕೂ ಹಿಂದೆ ಅದೇ ಸೀಡರ್ ಅವೆನ್ಯೂನಲ್ಲಿ ಸ್ವೀಡನ್, ನಾರ್ವೆಯಿಂದ ಬಂದ ಕೂಲಿಗಳಿದ್ದರು. ಅವರು ತುಟಿಯಡಿ ಇಟ್ಟುಕೊಳ್ಳುತ್ತಿದ್ದ ಹೊಗೆಸೊಪ್ಪಿನ ಹೆಸರಿನಿಂದ ಆ ಬೀದಿಯನ್ನು ‘ಸ್ನೂಸ್ ಬುಲೆವಾರ್ಡ್’ ಅಂತ ಕರೆಯುತ್ತಿದ್ದರು. ಬೀದಿಯ ತುಂಬ ಹೆಂಡದಂಗಡಿ. ಅವರ ಮರಿಮಕ್ಕಳಿಗೆ ಇವತ್ತು ಯಾರೂ ‘ಆ ಜನ’ ಅನ್ನುವುದಿಲ್ಲ.

ಅಷ್ಟು ದೂರ ಯಾಕೆ? ಮಲೆನಾಡಿನ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹತ್ತಿರ ಬಂದಿದ್ದರು. ಮಗನಿಗೆ ಪುಣೆಯಲ್ಲಿ ಕೆಲಸ ಅಂತ ನೆಂಟರಿಗೆ ಹೇಳುತ್ತ ಎರಡು ವರ್ಷ ಕಳೆದಿದ್ದರು. ಚಟಕ್ಕೆ ಬಿದ್ದ ಮಗ ಇದ್ದದ್ದು ಅವರದೇ ಮನೆಯ ಉಪ್ಪರಿಗೆಯ ಕೋಣೆಯಲ್ಲಿ. ಯಾರಾದರೂ ಬಂದರೆ ಹೊರಗಿನಿಂದ ಚಿಲಕ. ಇದನ್ನು ಹೇಳುವಷ್ಟು ಹೊತ್ತೂ ಅವರು ಬಲಗೈ ಬೆರಳುಗಳನ್ನು ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಸೊಮಾಲಿಗಳಲ್ಲಿ ‘ಏಬ್’ ಅನ್ನುವ ಮಾತಿದೆ, ಮಾನ ಹೋಗುವಂಥದ್ದು ಅಂತ ಅರ್ಥ. ಅರಬಿಯ ಅದೇ ಮಾತು ನಮ್ಮಲ್ಲಿ ‘ಐಬು’ ಆಗಿ ಕೂತಿದೆ. ಆ ತಾಯಿಯ ಬಾಯಿ ಕಟ್ಟುವುದೂ ಆ ಮೇಷ್ಟ್ರ ಕೈಯಲ್ಲಿ ಚಿಲಕ ಹಾಕಿಸಿದ್ದೂ ಒಂದೇ.

ತಾಯಿಗೆ ಹೇಳಲೇಬೇಕು, ಆದರೆ ಹುಡುಗನ ಬೆನ್ನ ಹಿಂದೆ ಅಲ್ಲ. ಪಾಠದ ಕೇಂದ್ರ ನೋಡಿಕೊಳ್ಳುವವರಿಗೆ ಇವತ್ತೇ ತಿಳಿಸಿ. ಹದಿನೆಂಟು ತುಂಬದವನ ವಿಷಯ, ನೀವೊಬ್ಬರೇ ಹೊರುವ ಹೊರೆಯಲ್ಲ. ಆಮೇಲೆ ಹುಡುಗನಿಗೆ ನೇರವಾಗಿ ಹೇಳಿ: ‘ಅವತ್ತು ನಿನ್ನ ಕೈಯಲ್ಲಿದ್ದದ್ದನ್ನು ನೋಡಿದೆ. ನಿನಗೇನಾದರೂ ಆಗಿಬಿಟ್ಟರೆ ಅಂತ ನಿದ್ದೆ ಬರುತ್ತಿಲ್ಲ. ಅಮ್ಮನಿಗೆ ನೀನೇ ಹೇಳುತ್ತೀಯೋ, ನಾನೂ ಪಕ್ಕದಲ್ಲಿರಲೋ? ಎರಡು ದಿನ ನೋಡಿ ನಾನು ಹೋಗುತ್ತೇನೆ.’ ಬೈಗುಳ ಬೇಡ, ಧರ್ಮದ ಪಾಠ ಬೇಡ, ಜೊತೆಯಲ್ಲಿದ್ದವರ ಹೆಸರು ಕೇಳಬೇಡಿ. ಅವನು ಉತ್ತರ ಕೊಡದಿದ್ದರೂ ಹೇಳಿದ ದಿನ ಹೋಗಿ.

ಹೋಗುವಾಗ ನಂಬಿಕಸ್ಥ ಸೊಮಾಲಿ ಹೆಂಗಸೊಬ್ಬರು ಜೊತೆಗಿರಲಿ. ಇಂಗ್ಲಿಷ್ ಬರುವ ಕಿರಿ ಮಗಳ ಬಾಯಿಂದ ಅಣ್ಣನ ವಿಷಯ ತಾಯಿಗೆ ಹೇಳಿಸುವ ತಪ್ಪು ಮಾತ್ರ ಮಾಡಬೇಡಿ. ತಾಯಿ ‘ಊರಿಗೆ ಕಳಿಸಿಬಿಡುತ್ತೇನೆ’ ಅನ್ನಬಹುದು. ದಾರಿ ತಪ್ಪಿದ ಮಕ್ಕಳನ್ನು ಸಂಸ್ಕೃತಿ ಕಲಿಯಲೆಂದು ಸೊಮಾಲಿಯಾಕ್ಕೋ ಕೀನ್ಯಾಕ್ಕೋ ಕಳಿಸುವ ರೂಢಿ ಅವರಲ್ಲಿದೆ. ನಮ್ಮಲ್ಲಿ ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಅನ್ನುತ್ತಾರಲ್ಲ, ಹಾಗೆ. ಅಲ್ಲಿನ ಕೆಲವು ಕೇಂದ್ರಗಳಲ್ಲಿ ಮಕ್ಕಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದು, ಹೊಡೆದದ್ದು ಬಯಲಾಗಿದೆ. ಇನ್ನೂ ದೊಡ್ಡ ಅಪಾಯವೆಂದರೆ, ಕೆಲವು ತಿಂಗಳು ಬಿಟ್ಟ ಮೇಲೆ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಹಿಂದಿರುಗಿ ಬಂದು ಮೊದಲಿನಷ್ಟೇ ತೆಗೆದುಕೊಂಡವನು ಅಂದೇ ಸಾಯಬಹುದು. ಬುಪ್ರೆನಾರ್ಫಿನ್‌ನಂಥ ಔಷಧವಿದೆ, ಅದು ಚಡಪಡಿಕೆ ತಗ್ಗಿಸುತ್ತದೆ, ಸಾವು ತಪ್ಪಿಸುತ್ತದೆ ಅಂತ ಅವರಿಗೆ ತಿಳಿಸಿ. ನಿಮ್ಮ ನಗರದಲ್ಲೇ ಸೊಮಾಲಿಗಳು ಕಟ್ಟಿದ ‘ಜನರೇಷನ್ ಹೋಪ್’, ‘ನಿಯ್ಯಾ ರಿಕವರಿ ಇನಿಶಿಯೇಟಿವ್’ ಇವೆ. ಚಟದಿಂದ ಎದ್ದು ಬಂದವರೇ ಅಲ್ಲಿ ಕೈಹಿಡಿಯುತ್ತಾರೆ. ತಾಯಿಯನ್ನು ಅವರ ಬಾಗಿಲವರೆಗೆ ಕರೆದೊಯ್ದು ನೀವು ಒಂದು ಹೆಜ್ಜೆ ಹಿಂದೆ ನಿಲ್ಲಿ.

ಯಜಮಾನರು ಹೆದರುವುದು ನಿಮಗಾಗಿ. ಸ್ಪ್ರೇ ಬಳಸುವುದನ್ನು ಅವರಿಗೂ ತೋರಿಸಿ, ತಾಯಿಯ ಮನೆಯವರೆಗೆ ಕಾರಿನಲ್ಲಿ ಬಿಡಲು ಕೇಳಿ.

ಇನ್ನು ಆ ಡಬ್ಬಿ. ಬರಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಕೋಡುಬಳೆ ತುಂಬಿಕೊಂಡು ಹೋಗಿ. ಸೊಮಾಲಿಯಲ್ಲಿ ತಾಯಿಯ ಸೋದರಿಗೆ ‘ಹಬರ್ಯರ್’ ಅನ್ನುತ್ತಾರೆ, ಅಕ್ಷರಶಃ ಚಿಕ್ಕಮ್ಮ. ಆ ಮನೆಗೆ ಆ ಸಲುಗೆಯಲ್ಲಿ ಕಾಲಿಡಿ. ಏಲಕ್ಕಿ, ಚಕ್ಕೆ ಹಾಕಿ ಕುದಿಸಿದ ಚಹಾ ತಂದಿಡುತ್ತಾರೆ. ಅದನ್ನು ಕುಡಿದು ಲೋಟ ಕೆಳಗಿಡುವವರೆಗೆ ವಿಷಯ ಎತ್ತಬೇಡಿ.