ಹಿಮದಲ್ಲಿಯೂ ಬಾಳುವ ಸೂಕ್ಷ್ಮಜೀವಿಗಳು

ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಪಾಠದ ನಡುವೆ ಎದ್ದುನಿಂತು, "ಟೀಚರ್, ಫ್ರಿಜ್ಜಿನಲ್ಲಿಟ್ಟ ಹಾಲೂ ಏಕೆ ಕೆಡುತ್ತದೆ? ಚಳಿಗೆ ಕ್ರಿಮಿಗಳು ಸಾಯುವುದಿಲ್ಲವೇ?" ಎಂದು ಕೇಳಿದಳು. ಸಾಯುವುದಿಲ್ಲವೆಂದು ಉತ್ತರವಿತ್ತೆವು, ಆದರೆ ಅಷ್ಟರಿಂದ ಅವಳಿಗೂ ತೃಪ್ತಿಯಾಗಲಿಲ್ಲ, ನಮಗೂ ಆಗಲಿಲ್ಲ. ಅಡಿಗೆಮನೆಯ ಭಾರವನ್ನು ಹೊತ್ತಿರುವ ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾದೀತೆಂದು ಆ ಪಾಠವನ್ನು ಇಲ್ಲಿ ಮುಂದುವರಿಸುತ್ತೇವೆ.

ಚಳಿಯು ಅನೇಕ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುವುದೇ ಹೊರತು ಅವೆಲ್ಲವನ್ನೂ ಕೊಲ್ಲುವುದಿಲ್ಲ. ಕೆಲವಕ್ಕಾದರೋ ಚಳಿಯೇ ತವರು. ಸೊನ್ನೆ ಡಿಗ್ರಿಯಲ್ಲಿಯೂ ವೃದ್ಧಿಹೊಂದುವ ಬ್ಯಾಕ್ಟೀರಿಯಗಳನ್ನು ಫಾರ್ಸ್ಟರ್ ಎಂಬ ವಿಜ್ಞಾನಿಯು 1887ರಷ್ಟು ಹಿಂದೆಯೇ ವರ್ಣಿಸಿದ್ದರು. ಉತ್ತರ ಕೆನಡದ, ಸದಾ ಹೆಪ್ಪುಗಟ್ಟಿರುವ ನೆಲದಿಂದ ತೆಗೆದ ಪ್ಲಾನೊಕಾಕಸ್ ಹ್ಯಾಲೋಕ್ರಯೊಫಿಲಸ್ ಎಂಬುದು ಸೊನ್ನೆಗಿಂತ 15 ಡಿಗ್ರಿ ಸೆಂಟಿಗ್ರೇಡ್ ಕೆಳಗೆ, ಉಪ್ಪಿನ ದ್ರವದಲ್ಲಿ, ಬೆಳೆಯುವುದೆಂದು 2013ರಲ್ಲಿ ಪ್ರಕಟವಾಯಿತು.

ಇದು ಹೇಗೆ ಸಾಧ್ಯ? ಚಳಿಗಾಲದ ಬೆಳಿಗ್ಗೆ ಅಡಿಗೆಮನೆಯನ್ನು ಹೊಕ್ಕು ನೋಡಿರಿ. ತುಪ್ಪವೂ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗಿರುವುವು. ಎಳ್ಳೆಣ್ಣೆಯು ಮಾತ್ರ ಹರಿಯುವುದು. ಜೀವಕಣವನ್ನು ಸುತ್ತಿರುವ ತೆಳುವಾದ ಪೊರೆಯಲ್ಲಿಯೂ ಕೊಬ್ಬು ಇರುವುದು. ಅದು ತುಪ್ಪದಂತೆ ಹೆಪ್ಪುಗಟ್ಟಿದರೆ ಆಹಾರವು ಒಳಕ್ಕೆ ಬರಲಾರದು, ಕಸವು ಹೊರಕ್ಕೆ ಹೋಗಲಾರದು. ಶೀತಪ್ರಿಯ ಜೀವಿಗಳು ಎಳ್ಳೆಣ್ಣೆಯಲ್ಲಿರುವಂಥ ಅಪರ್ಯಾಪ್ತ ಕೊಬ್ಬನ್ನು ಪೊರೆಯಲ್ಲಿ ಹೆಚ್ಚಾಗಿ ಸೇರಿಸಿಕೊಳ್ಳುವುವು. ಇದರ ಅಣುಗಳು ನಡುವೆ ಬಾಗಿರುವುದರಿಂದ ಒತ್ತೊತ್ತಾಗಿ ಕೂಡಲಾರವು; ಪೊರೆಯು ಮೃದುವಾಗಿಯೇ ಉಳಿಯುವುದು. ಕಣ್ಣಿಗೆ ಕಾಣದ ಜೀವಿಗೂ ಸೃಷ್ಟಿಕರ್ತನು ಇಂಥ ಅನುಕೂಲವನ್ನಿತ್ತಿರುವುದನ್ನು ಓದಿ ನಾವು ಬೆರಗಾದೆವು.

ಅವುಗಳ ಕಿಣ್ವಗಳೂ ಸಡಿಲವಾದ ರಚನೆಯುಳ್ಳವು. ಆದುದರಿಂದ ಚಳಿಯಲ್ಲಿಯೂ ಕೆಲಸಮಾಡುವುವು, ಬಿಸಿ ತಗಲಿದರೆ ಬೇಗನೆ ಕೆಡುವುವು. ಹಿಮದ ಹರಳುಗಳು ದೊಡ್ಡದಾಗಿ ಬೆಳೆಯದಂತೆ ತಡೆಯುವ ಸಸಾರಜನಕಗಳನ್ನು ಕೆಲವು ತಯಾರಿಸುವುವು.

ಅಪ್ಪಟ ಶೀತಪ್ರಿಯಗಳು ಸುಮಾರು 20 ಡಿಗ್ರಿಯ ಮೇಲೆ ಬೆಳೆಯಲಾರವು. ನಮ್ಮ ಹಾಲನ್ನು ಕೆಡಿಸುವ ಸ್ಯೂಡೊಮೊನಾಸ್ ಮೊದಲಾದವು ಅವುಗಳ ದಾಯಾದಿಗಳೆನ್ನಬಹುದು: ಹೊರಗಿನ ಸೆಕೆಗೂ ಸೈ, ರೆಫ್ರಿಜರೇಟರಿನ 4 ಡಿಗ್ರಿಗೂ ಸೈ. ಕುದಿಸಿದರೆ ಇವು ಸಾಯುವುವು. ಆದರೆ ಮುಂಚೆಯೇ ಬಿಟ್ಟಿದ್ದ ಕೆಲವು ಕಿಣ್ವಗಳು ಕುದಿಯನ್ನೂ ತಾಳಿಕೊಂಡು ಹಾಲನ್ನು ಕಹಿಮಾಡಬಲ್ಲವು. ಹಳೆಯ ಹಾಲನ್ನು ಮತ್ತೆ ಮತ್ತೆ ಕಾಯಿಸಿಯೂ ಪ್ರಯೋಜನವಾಗದಿರುವುದಕ್ಕೆ ಇದೂ ಒಂದು ಕಾರಣ.

ಲಿಸ್ಟೀರಿಯ ಎಂಬುದು ಹಾಲು ಕೆಡಿಸುವಷ್ಟಕ್ಕೇ ನಿಲ್ಲುವುದಿಲ್ಲ. ಅದೂ ರೆಫ್ರಿಜರೇಟರಿನಲ್ಲಿ ಮೆಲ್ಲಗೆ ಬೆಳೆಯುವುದು. ಆಹಾರದ ವಾಸನೆ ರುಚಿಗಳು ಕೆಡದೆಯೂ ಇರಬಹುದು. ಗರ್ಭಿಣಿಗೆ ಅದು ತಗಲಿದರೆ, ತಾಯಿಗೆ ಅಲ್ಪ ಜ್ವರವಷ್ಟೇ ಬಂದರೂ ಒಡಲಿನ ಶಿಶುವಿಗೆ ಪ್ರಾಣಾಪಾಯವುಂಟು. ಆದುದರಿಂದ ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತಂದಿರುವ ತಾಯಂದಿರು ಹಸಿ ಹಾಲನ್ನು ಕೊಡಬಾರದು. ತೆಗೆದಿಟ್ಟ ಸಾರು ಪಲ್ಯಗಳನ್ನು ಹಬೆಯೇಳುವಂತೆ ಕಾಯಿಸಿಯೇ ಬಡಿಸಬೇಕು. ಚೆನ್ನಾಗಿ ಕಾಯಿಸಿದರೆ ಲಿಸ್ಟೀರಿಯವು ಸಾಯುವುದು.

ಪ್ರಶ್ನೆ ಕೇಳಿದ ಬಾಲಿಕೆಯು ಆ ಸಂಜೆಯೇ ಮನೆಯ ಫ್ರಿಜ್ಜಿನೊಳಗಿನ ಪಾತ್ರೆಗಳಿಗೆಲ್ಲ ತಾರೀಖಿನ ಚೀಟಿ ಅಂಟಿಸಿದಳಂತೆ. ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ಅಜ್ಜಿ ಮುಟ್ಟಗೊಡಲಿಲ್ಲವಂತೆ.